ನಮ್ಮ ಬೆಟ್ಟಗಳ ಚಿತ್ರ ಬರೆದವರು ಯಾರು?

ಗುಂಡ್ಲುಪೇಟೆಯಿಂದ ಬಂಡೀಪುರಕ್ಕೆ ಹೋಗುವಾಗ ಹಂಗಳದ ಹತ್ತಿರ ಬಲಗಡೆಗೆ ಗೋಪಾಲಸ್ವಾಮಿ ಬೆಟ್ಟ ಕಾಣಿಸುತ್ತದೆ. ಎತ್ತರ 1,454 ಮೀಟರ್. ತಲೆಯ ಮೇಲೆ ಆಗಾಗ ಮಂಜು. ನಾವು ಅದನ್ನು ಎಷ್ಟೋ ಸಲ ಕಂಡಿದ್ದೇವೆ. ನಿಂತು ನೋಡಿದವರು ಎಷ್ಟು ಮಂದಿ? ಪವಿತ್ರ ಕುರ್‌ಆನಿನ ಅಲ್ ಗಾಶಿಯ ಅಧ್ಯಾಯವು ಒಂಟೆ, ಆಕಾಶ, ಭೂಮಿಗಳ ಜೊತೆಗೆ ಪರ್ವತಗಳನ್ನೂ ಗಮನಿಸಿ ನೋಡಲು ನಮ್ಮನ್ನು ಕರೆಯುತ್ತದೆ.

ಹೀಗೆ ಬೆಟ್ಟ ನೋಡುವುದನ್ನೇ ಒಂದು ವಿದ್ಯೆಯಾಗಿ ಬೆಳೆಸಿದವರು ಕೊರಿಯಾದವರು. ಅಲ್ಲಿನ ಚಿತ್ರಕಾರರು ಬಹುಕಾಲ ಚೀನಾದ ಮಾದರಿಯಲ್ಲಿ, ತಾವು ಕಂಡಿರದ ಬೆಟ್ಟಗಳನ್ನೇ ಹೆಚ್ಚಾಗಿ ಬರೆಯುತ್ತಿದ್ದರು. ಜಿಯೊಂಗ್ ಸಿಯೊನ್ (1676-1759) ಎಂಬಾತ ತಿರುಗಾಡಿ ತನ್ನ ನಾಡಿನ ಬೆಟ್ಟಗಳನ್ನೇ ಬರೆದ. 1734ರಲ್ಲಿ ಆತ ಬರೆದ ಕುಮ್‌ಗಾಂಗ್ ಪರ್ವತದ ಚಿತ್ರದಲ್ಲಿ ಒಂದು ಕಡೆ ಚೂಪು ಬಂಡೆಗಳು, ಇನ್ನೊಂದು ಕಡೆ ಮರ ತುಂಬಿದ ಮೆದು ಗುಡ್ಡಗಳು. ಹಕ್ಕಿಯೊಂದು ಮೇಲಿನಿಂದ ಕಂಡಂತೆ ಇಡೀ ಪರ್ವತ ಒಂದೇ ಹಾಳೆಯಲ್ಲಿದೆ.

ಅದೇ ಶತಮಾನದಲ್ಲಿ ನಮ್ಮ ಮೈಸೂರು ಸೀಮೆಯ ಬೆಟ್ಟಗಳೂ ಕಾಗದಕ್ಕೆ ಇಳಿದವು. ಆದರೆ ಇಳಿಸಿದವರು ಶತ್ರುಸೈನ್ಯದವರು! 1791ರಲ್ಲಿ ಕಾರ್ನ್‌ವಾಲಿಸ್ ಟಿಪ್ಪು ಸುಲ್ತಾನರ ಮೇಲೆ ದಂಡೆತ್ತಿ ಬಂದಾಗ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಸೈನ್ಯದ ಜೊತೆಗಿದ್ದ. ಕೋಲ್‌ಬ್ರೂಕ್ ಮೋಜಣಿ ಅಧಿಕಾರಿ, ಅಲನ್ ಸೇನಾಧಿಕಾರಿ. ಯುದ್ಧ ಮುಗಿದ ಎರಡು ಮೂರು ವರ್ಷಗಳಲ್ಲೇ ಮೂವರ ಚಿತ್ರಗಳೂ ಅಚ್ಚಾಗಿ ಇಂಗ್ಲೆಂಡಿನವರ ಕೈ ಸೇರಿದವು.

ಈ ಚಿತ್ರಗಳು ಸುಂದರವಾಗಿವೆ, ಸಂಶಯವಿಲ್ಲ. ಆದರೆ ಸಾವನದುರ್ಗದ ಬಂಡೆಯನ್ನು ಕೋಲ್‌ಬ್ರೂಕ್ ಯಾವ ಕಣ್ಣಿನಿಂದ ನೋಡಿದ? ಆತನ ಚಿತ್ರದ ವಿಷಯವೇ 1791ರ ಡಿಸೆಂಬರಿನ ಮುತ್ತಿಗೆ. ಬೆಟ್ಟವೆಂದರೆ ಆತನಿಗೆ ಹತ್ತಬೇಕಾದ, ಗೆಲ್ಲಬೇಕಾದ ಕೋಟೆ. ಹೋಮ್ ಇನ್ನೊಂದು ಚಿತ್ರವನ್ನೂ ಬರೆದ. 1792ರಲ್ಲಿ ಸುಲ್ತಾನರ ಇಬ್ಬರು ಎಳೆಯ ಮಕ್ಕಳಾದ ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನರನ್ನು ಒತ್ತೆಯಾಗಿ ಕಾರ್ನ್‌ವಾಲಿಸ್ ಬರಮಾಡಿಕೊಂಡ ದೃಶ್ಯ ಅದು. ಚಿತ್ರದ ಅಂಚಿನಲ್ಲಿ ಕಡತ ಹಿಡಿದು ಚಿತ್ರಕಾರನೂ ನಿಂತಿದ್ದಾನೆ. (ಇದೇ ಹೋಮ್ 1814ರ ನಂತರ ಲಕ್ನೋದ ನವಾಬ ಗಾಜಿಯುದ್ದೀನ್ ಹೈದರರ ಆಸ್ಥಾನ ಚಿತ್ರಕಾರನಾದ ಎಂಬುದು ವಿಚಿತ್ರ.)

ಹಾಗೆಂದು ಇವನ್ನು ಎಸೆಯಬೇಕೇ? ಬೇಡ. ಬೆಂಗಳೂರು ಕೋಟೆಯ ಬಹುಭಾಗ ಇಂದು ಇಲ್ಲ. ಅದು ಹೇಗಿತ್ತೆಂದು ತಿಳಿಯಲು ಈ ಚಿತ್ರಗಳನ್ನೇ ನೋಡಬೇಕು. ಹೈದರಲಿಯವರ ಗುಂಬಜ್ ಅಂದು ಹೇಗಿತ್ತೆಂಬುದಕ್ಕೂ ಕೋಲ್‌ಬ್ರೂಕನ ಚಿತ್ರವಿದೆ. ಸಾಕ್ಷಿಯ ಮಾತನ್ನು ಕೇಳೋಣ, ಸಾಕ್ಷಿ ಯಾರ ಕಡೆಯವನೆಂಬುದನ್ನು ಮರೆಯದಿರೋಣ.

ನಮ್ಮಲ್ಲಿ ಚಿತ್ರಕಾರರು ಇರಲಿಲ್ಲವೆಂದಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧವನ್ನು ನೋಡಿದವರಿಗೆ ಅದು ಗೊತ್ತು. ಆದರೆ ಆ ಗೋಡೆಯನ್ನು ತುಂಬಿರುವುದು ಆನೆ, ಕುದುರೆ, ಸಿಪಾಯಿಗಳು. ಬೆಟ್ಟವನ್ನು ಬೆಟ್ಟಕ್ಕಾಗಿಯೇ ನೋಡಿದ ಕನ್ನಡದ ಕಣ್ಣು ಬೇಕೆಂದರೆ ಕೆ. ವೆಂಕಟಪ್ಪನವರ (1886-1965) ಹತ್ತಿರ ಬರಬೇಕು. ಮೈಸೂರು ಅರಮನೆಯ ಚಿತ್ರಗಾರ ಮನೆತನದ ಇವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದವರು. ಊಟಿಯ ಮಂಜು, ಮೋಡ, ಬೆಳದಿಂಗಳನ್ನು ಜಲವರ್ಣದಲ್ಲಿ ಬರೆದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ಚಿತ್ರಶಾಲೆಗೆ ಅವರದೇ ಹೆಸರಿದೆ.

ವಿದ್ಯಾರ್ಥಿ ಮಿತ್ರರೇ, ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನ ಬಿಡುವುದಿಲ್ಲ, ಬುಡದಿಂದ ಸರ್ಕಾರಿ ಬಸ್ಸಿದೆ. ಮಂಜು ಸರಿದ ದಿನ ಅಲ್ಲಿಂದ ದಕ್ಷಿಣಕ್ಕೆ ನೋಡಿ, ನೀಲಗಿರಿ ಕಾಣುತ್ತದೆ. ವೆಂಕಟಪ್ಪನವರು ಆ ಬೆಟ್ಟಗಳ ಒಳಗೆ ಕುಳಿತು ಬರೆದರು, ನೀವು ಈ ಕಡೆಯಿಂದ ನೋಡುತ್ತೀರಿ. ಹೋಗುವಾಗ ಒಂದು ಪೆನ್ಸಿಲ್, ಗೆರೆಯಿಲ್ಲದ ಒಂದು ನೋಟ್‌ಬುಕ್ ಚೀಲದಲ್ಲಿರಲಿ.