ಬಟ್ಟೆಯ ದುಡ್ಡು ಯಾರ ಕೈಯಲ್ಲಿ?

1900ರ ಸುಮಾರಿನ ಒಂದು ಚಳಿಗಾಲದ ಸಂಜೆ. ಲಂಡನ್ನಿನ ಹೈಡ್ ಪಾರ್ಕ್ ಗೇಟ್‌ನ 22ನೇ ನಂಬರಿನ ಮನೆಯಲ್ಲಿ ಹದಿನೆಂಟರ ಆಸುಪಾಸಿನ ಹುಡುಗಿಯೊಬ್ಬಳು ಹೊಸ ಹಸಿರು ಉಡುಪು ತೊಟ್ಟು ಮಹಡಿಯಿಂದ ಇಳಿದು ಬಂದಳು. ಅದರ ಬಟ್ಟೆ ತಂದದ್ದು ಜವಳಿ ಅಂಗಡಿಯಿಂದಲ್ಲ, ಮೇಜು ಕುರ್ಚಿ ಮಾರುವ ಅಂಗಡಿಯಿಂದ. ಅಲ್ಲಿ ಅಗ್ಗಕ್ಕೆ ಸಿಕ್ಕಿತು, ನೋಡಲೂ ಬೇರೆ ಥರ ಇತ್ತು. ಅವಳಿಗೆ ವರ್ಷಕ್ಕೆ ಸಿಗುತ್ತಿದ್ದದ್ದು 50 ಪೌಂಡು. ಸಾದಾ ಉಡುಪಾದರೆ ಒಂದೆರಡು ಪೌಂಡಿನಲ್ಲಿ ಹೊಲಿಸಬಹುದಿತ್ತು. ಒಳ್ಳೆಯ ದರ್ಜಿಯ ಬಳಿ ಔತಣಕೂಟದ ಉಡುಪು ಹೊಲಿಸಿದರೆ 15 ಗಿನಿ, ಅಂದರೆ ವರ್ಷದ ದುಡ್ಡಿನಲ್ಲಿ ಹತ್ತಿರಹತ್ತಿರ ಮೂರನೇ ಒಂದು ಪಾಲು. ಹುಡುಗಿ ಲೆಕ್ಕ ಹಾಕಿಯೇ ಆ ಹಸಿರು ಬಟ್ಟೆ ಆರಿಸಿದ್ದಳು. ತಾಯಿಯ ಮೊದಲ ಮದುವೆಯ ಮಗ ಜಾರ್ಜ್ ಡಕ್‌ವರ್ತ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹೋಗಿ ಅದನ್ನು ಹರಿದುಹಾಕು ಅಂದ. ಅವನ ವರಮಾನ ವರ್ಷಕ್ಕೆ ಸಾವಿರ ಪೌಂಡು.

ಆ ಹುಡುಗಿ ಮುಂದೆ ಲೇಖಕಿಯಾಗಿ ಹೆಸರಾದ ವರ್ಜೀನಿಯಾ ವೂಲ್ಫ್. ಇಡೀ ಪ್ರಸಂಗವನ್ನು ಅವರೇ ತಮ್ಮ ಕೊನೆಯ ವರ್ಷಗಳ ನೆನಪಿನ ಬರಹದಲ್ಲಿ ದಾಖಲಿಸಿದ್ದಾರೆ.

ಇಂಗ್ಲೆಂಡಿನ ಉಳ್ಳವರ ಮನೆಗಳಲ್ಲಿ ಬೆಳೆದ ಹೆಣ್ಣುಮಕ್ಕಳಿಗೆ ಉಡುಪಿನ ಭತ್ಯೆ ಕೊಡುವುದು ಆಗ ರೂಢಿ. ನಾಳೆ ಗಂಡನ ಮನೆಯ ಖರ್ಚುವೆಚ್ಚ ನಿಭಾಯಿಸಬೇಕಾದವಳು ಇಂದು ಕೈಗವಸು, ಬೂಟು, ಟೋಪಿಗಳ ಲೆಕ್ಕದಲ್ಲಿ ಪಳಗಲಿ ಎಂಬುದು ಹಿರಿಯರ ಎಣಿಕೆ. ಎಣಿಕೆಯೇನೋ ಸರಿಯಾಗಿತ್ತು. ಆದರೆ ದುಡ್ಡು ಅವಳ ಕೈಗೆ ಬಂದರೂ ಯಾವುದು ಚೆಂದ, ಯಾವುದು ಮರ್ಯಾದೆ ಎಂಬ ತೀರ್ಪು ಮನೆಯ ಗಂಡಸರ ಬಳಿಯೇ ಉಳಿಯಿತು.

ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಅದೇ ವಯಸ್ಸಿನ ಹುಡುಗಿಯರ ಪಾಡು ಇನ್ನೂ ಕಠಿಣ. ನ್ಯೂಯಾರ್ಕಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಕುಪ್ಪಸ ಹೊಲಿಯುತ್ತಿದ್ದ ವಲಸಿಗರ ಮನೆಯ ಹೆಣ್ಣುಮಕ್ಕಳು ಸಂಬಳದ ಲಕೋಟೆಯನ್ನು ಒಡೆಯದೆ ತಾಯಿಯ ಕೈಗಿಡುವುದು ವಾಡಿಕೆಯಾಗಿತ್ತು. ಅಣ್ಣತಮ್ಮಂದಿರು ಮಾತ್ರ ಊಟವಸತಿಗೆಂದು ಒಂದಿಷ್ಟು ಕೊಟ್ಟು ಉಳಿದದ್ದನ್ನು ತಾವೇ ಇಟ್ಟುಕೊಳ್ಳುತ್ತಿದ್ದರು. ದಿನವಿಡೀ ಬೇರೆಯವರಿಗೆ ಕುಪ್ಪಸ ಹೊಲಿದವಳು ತನಗೊಂದು ಕುಪ್ಪಸ ಬೇಕಾದರೆ ಅಮ್ಮನ ಮುಂದೆ ನಿಂತು ಕೇಳಬೇಕು. 1909ರಲ್ಲಿ ಈ ಕಾರ್ಖಾನೆಗಳ ಸುಮಾರು 20,000 ಕೆಲಸಗಾರರು ಮುಷ್ಕರ ಹೂಡಿದಾಗ ಮುಂಚೂಣಿಯಲ್ಲಿದ್ದ ಕ್ಲಾರಾ ಲೆಮ್ಲಿಕ್ ಪತ್ರಿಕೆಯೊಂದರಲ್ಲಿ ತಮ್ಮ ಬವಣೆ ಬರೆದರು. ಕೆಲಸದ ಜಾಗದಲ್ಲಿ ಟೋಪಿ ತೂಗುಹಾಕಲೂ ಸರಿಯಾದ ಏರ್ಪಾಡಿಲ್ಲ ಎಂಬ ದೂರು ಅದರಲ್ಲಿತ್ತು. ಹುಡುಗಿಯರ ಹೊಸ ಟೋಪಿಯ ಬೆಲೆ 50 ಸೆಂಟ್ಸ್ ಮೀರುವುದಿಲ್ಲ, ಅಷ್ಟು ಕೂಡಿಸಲು ವಾರಗಟ್ಟಲೆ ಎರಡು ಸೆಂಟಿನ ಒಣ ತಿನಿಸಿನಲ್ಲೇ ಮಧ್ಯಾಹ್ನ ಕಳೆಯಬೇಕು ಎಂದೂ ಅವರು ಬರೆದಿದ್ದರು. ಹೊಟ್ಟೆ ಕಟ್ಟಿ ಟೋಪಿ ಕೊಂಡ ಆ ಹುಡುಗಿಯರಿಗೆ ಯಾರೂ ಆಯವ್ಯಯದ ಪಾಠ ಹೇಳಬೇಕಿರಲಿಲ್ಲ.

ಮುಂದಿನ ದಶಕಗಳಲ್ಲಿ ಅಮೆರಿಕದ ಮಕ್ಕಳು ಕಾರ್ಖಾನೆ ಬಿಟ್ಟು ಹೈಸ್ಕೂಲಿಗೆ ನಡೆದರು. ಸಮಾಜಶಾಸ್ತ್ರಜ್ಞೆ ವಿವಿಯಾನಾ ಝೆಲಿಜರ್ 1985ರ ತಮ್ಮ ಪುಸ್ತಕದಲ್ಲಿ ಈ ಬದಲಾವಣೆಯನ್ನು ಸೊಗಸಾಗಿ ಬಿಡಿಸಿ ತೋರಿಸಿದ್ದಾರೆ: ದುಡಿದು ತರುತ್ತಿದ್ದ ಮಗು ಖರ್ಚು ಮಾಡುವ ಮಗುವಾಯಿತು, ಅದರ ಕೈಗೆ ವಾರದ ದುಡ್ಡು ಬಂತು. ಕೊಡುವ ದುಡ್ಡು ಶಿಕ್ಷಣದ ಭಾಗವೆಂದು ಪಾಲಕರಿಗೆ ಹೇಳಿಕೊಡುವ ತಜ್ಞರೂ ಹುಟ್ಟಿಕೊಂಡರು. ಅಂಥವರಲ್ಲಿ ಒಬ್ಬರಾದ ಸಿಡೋನಿ ಗ್ರೂಯನ್‌ಬರ್ಗ್ ತಮ್ಮ ಪತಿಯೊಂದಿಗೆ 1933ರಲ್ಲಿ ಮಕ್ಕಳು ಮತ್ತು ಹಣದ ಬಗ್ಗೆಯೇ ಪುಸ್ತಕ ಬರೆದರು.

ಹಾಗೆ ಕೊಡುವಾಗಲೂ ಹಿಡಿತ ಎಷ್ಟು ಬಿಗಿಯಾಗಿರಬಹುದು ಎಂಬುದಕ್ಕೆ ಅಮೆರಿಕದ ಸಿರಿವಂತ ರಾಕ್‌ಫೆಲರ್ ಮನೆತನದ ಒಂದು ಕಾಗದ ಸಾಕ್ಷಿಯಾಗಿದೆ. 1920ರ ಮೇ 1ರಿಂದ ಜಾರಿಗೆ ಬಂದ ಆ ಒಪ್ಪಂದದಲ್ಲಿ ತಂದೆ ಜಾನ್ ರಾಕ್‌ಫೆಲರ್ ಜೂನಿಯರ್ 14 ವರ್ಷದ ಮಗನಿಗೆ 14 ಷರತ್ತು ಹಾಕಿದ್ದರು. ವಾರಕ್ಕೆ ಒಂದೂವರೆ ಡಾಲರ್. ಲೆಕ್ಕ ಅಪ್ಪನಿಗೆ ಒಪ್ಪಿಗೆಯಾದರೆ 10 ಸೆಂಟ್ಸ್ ಹೆಚ್ಚಳ, ಆಗದಿದ್ದರೆ 10 ಸೆಂಟ್ಸ್ ಕಡಿತ. ಲೆಕ್ಕ ಸರಿಯಿದ್ದು ಅಕ್ಷರ ಚೆನ್ನಾಗಿಲ್ಲದಿದ್ದರೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಕನಿಷ್ಠ ಶೇ. 20 ದಾನಕ್ಕೆ, ಶೇ. 20 ಉಳಿತಾಯಕ್ಕೆ. ಭತ್ಯೆಯಲ್ಲಿ ಸೇರದ ವಸ್ತು ಬೇಕಿದ್ದರೆ ಹಿರಿಯರ ಒಪ್ಪಿಗೆ ಪಡೆದು, ಕೊಂಡದ್ದರ ವಿವರವನ್ನೂ ಉಳಿದ ಚಿಲ್ಲರೆಯನ್ನೂ ಅಂದೇ ರಾತ್ರಿಯೊಳಗೆ ಒಪ್ಪಿಸಬೇಕು. ಹುಡುಗನಿಗೆ ಲೆಕ್ಕ ಬರೆಯುವ ಶಿಸ್ತು ಖಂಡಿತ ಬಂದಿರಬೇಕು. ತನಗೇನು ಬೇಕೆಂದು ತಾನೇ ತೂಗಿ ನೋಡಲು ಆ ಷರತ್ತುಗಳು ಬಿಟ್ಟ ಜಾಗ ಮಾತ್ರ ಕಡಿಮೆ.

ಬಟ್ಟೆಯ ವಿಷಯವನ್ನು ಗಂಭೀರವಾಗಿ ಕೈಗೆತ್ತಿಕೊಂಡವರು ಗೃಹವಿಜ್ಞಾನದ ಶಿಕ್ಷಕಿಯರು. 1902ರಲ್ಲಿ ಶುರುವಾದ ಮ್ಯಾನ್‌ಹಟನ್ ಹೆಣ್ಣುಮಕ್ಕಳ ವೃತ್ತಿಶಾಲೆಯನ್ನು ಕಟ್ಟಿ ಬೆಳೆಸಿದ ಮೇರಿ ಶೆಂಕ್ ವೂಲ್ಮನ್ 1920ರಲ್ಲಿ ಉಡುಪಿನ ಆಯ್ಕೆ, ಆರೈಕೆ, ವೆಚ್ಚ ಮೂರನ್ನೂ ಒಟ್ಟಿಗಿಟ್ಟು ಪುಸ್ತಕ ತಂದರು. ಶಾಲೆಗಳಲ್ಲಿ ಗೃಹವಿಜ್ಞಾನ ಕಲಿಸಲು 1917ರ ಸ್ಮಿತ್-ಹ್ಯೂಸ್ ಕಾಯಿದೆ ಕೇಂದ್ರ ಸರ್ಕಾರದ ಹಣ ಒದಗಿಸಿತ್ತು. ಅಗ್ಗದ ಬೂಟು ಎರಡು ತಿಂಗಳಲ್ಲಿ ಕಿತ್ತುಹೋದರೆ ಅದು ದುಬಾರಿ ಬೂಟೇ ಎಂಬಂಥ ತಿಳಿವಳಿಕೆಗೆ ತರಗತಿಯಲ್ಲಿ ಬೆಲೆ ಬಂತು.

ಅಷ್ಟರಲ್ಲಿ ಸಹಪಾಠಿಗಳ ಕಣ್ಣು ಅಪ್ಪಅಮ್ಮಂದಿರ ಕಣ್ಣಿಗಿಂತ ಹರಿತವಾಗಿತ್ತು. ಇಂಡಿಯಾನಾದ ಮನ್ಸಿ ಪಟ್ಟಣವನ್ನು ಅಧ್ಯಯನ ಮಾಡಿ ರಾಬರ್ಟ್ ಮತ್ತು ಹೆಲೆನ್ ಲಿಂಡ್ 1929ರಲ್ಲಿ ಪ್ರಕಟಿಸಿದ 'ಮಿಡ್ಲ್‌ಟೌನ್' ಗ್ರಂಥದಲ್ಲಿ, ಹತ್ತಿಯ ಕಾಲುಚೀಲ ಹಾಕಿಕೊಂಡು ಹೈಸ್ಕೂಲಿಗೆ ಹೋಗಲಾಗದೆ ರೇಷ್ಮೆಯದೇ ಬೇಕೆನ್ನುವ ಹುಡುಗಿಯರೂ ಅದಕ್ಕೆ ದುಡ್ಡು ಹೊಂದಿಸುವ ತಾಯಂದಿರೂ ಇದ್ದಾರೆ. ಖರ್ಚಿನ ದುಡ್ಡು ಮಕ್ಕಳು-ಹೆತ್ತವರ ಜಗಳದ ಮುಖ್ಯ ಕಾರಣಗಳಲ್ಲಿ ಒಂದೆಂದು ಅಲ್ಲಿನ ವಿದ್ಯಾರ್ಥಿಗಳೇ ಹೇಳಿದ್ದರು.

ವ್ಯಾಪಾರಿಗಳು ಇದನ್ನು ಗಮನಿಸದೆ ಬಿಡಲಿಲ್ಲ. 1944ರ ಸೆಪ್ಟೆಂಬರಿನಲ್ಲಿ ಹೆಲೆನ್ ವ್ಯಾಲೆಂಟೈನ್ ಸಂಪಾದಕತ್ವದಲ್ಲಿ 'ಸೆವೆಂಟೀನ್' ಪತ್ರಿಕೆ ಹೊರಬಂತು. ಪತ್ರಿಕೆಯವರು ಸಮೀಕ್ಷೆ ನಡೆಸಿ, ಟೀನಾ ಎಂಬ ಕಾಲ್ಪನಿಕ ಹುಡುಗಿಯನ್ನು ಸೃಷ್ಟಿಸಿ, ಅವಳ ಬಳಿ ದುಡ್ಡಿದೆ, ಸ್ವಂತ ಅಭಿರುಚಿಯಿದೆ ಎಂದು ಜಾಹೀರಾತುದಾರರಿಗೆ ಮನವರಿಕೆ ಮಾಡಿದರು. ಮನೆಯಲ್ಲಿ ಹಿರಿಯರು ಒಪ್ಪಲು ಹಿಂದೆಮುಂದೆ ನೋಡಿದ್ದನ್ನು ಮಾರುಕಟ್ಟೆ ಮೊದಲು ಒಪ್ಪಿತು: ಹದಿಹರೆಯದವರಿಗೂ ಆಯ್ಕೆಯ ಹಕ್ಕಿದೆ. ಖರ್ಚಿಗೆ ಮಿತಿ ಹೇಳುವ ಹೊಣೆ ಮಾತ್ರ ಮನೆಗೇ ಉಳಿಯಿತು.

ಆ ಹೊಣೆ ಇಂದು ಕನ್ನಡದ ಮನೆಗಳಲ್ಲೂ ಇದೆ. ಹಬ್ಬಕ್ಕೊಂದು ಜೊತೆ ಬಟ್ಟೆ ಎಂಬ ಕಾಲ ಹೋಗಿ, ಅಪ್ಪನ ಫೋನಿನಲ್ಲೇ ಮಕ್ಕಳು ಅಂಗಿ ತರಿಸಿಕೊಳ್ಳುವ ಕಾಲ ಬಂದಿದೆ. ಹೈಸ್ಕೂಲಿಗೆ ಬಂದ ಮಗನಿಗೋ ಮಗಳಿಗೋ ಆರು ತಿಂಗಳ ಬಟ್ಟೆಬರೆಗೆ ಸಾಲುವಷ್ಟು ದುಡ್ಡನ್ನು ಒಮ್ಮೆಲೇ ಕೊಡಿ. ಯೂನಿಫಾರಂ, ಚಪ್ಪಲಿ ಅದರಲ್ಲಿ ಸೇರಿದೆಯೋ ಇಲ್ಲವೋ ಮೊದಲೇ ಹೇಳಿ. ಆಮೇಲೆ ಅವರು ನಿಮಗೆ ಹಿಡಿಸದ ಹಸಿರು ಬಣ್ಣ ತಂದರೂ ಸುಮ್ಮನಿರಿ. ಮೊದಲ ತಿಂಗಳಲ್ಲೇ ಎಲ್ಲವನ್ನೂ ಖರ್ಚು ಮಾಡಿ ಬಂದರೆ ಮತ್ತೆ ಕೊಡಬೇಡಿ.