ಹನ್ನೊಂದನೆಯ ದಿನ

ನಮ್ಮ ಅಣ್ಣನ ಮಗಳು ಹುಟ್ಟಿದ್ದು 1996ರ ಮಳೆಗಾಲದಲ್ಲಿ. ಅತ್ತಿಗೆಗೆ ತವರಿನಲ್ಲಿ ತಾಯಿ ಇರಲಿಲ್ಲ. ಹಾಗಾಗಿ ಬಾಣಂತನ ನಮ್ಮ ಮನೆಯಲ್ಲೇ. ಹನ್ನೊಂದನೆಯ ದಿನ ಕೂಸನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ ಇಟ್ಟುಕೊಂಡಿದ್ದೆವು. ಬೀದಿಯ ಹೆಂಗಸರೆಲ್ಲ ಬಂದು ಕೂತಿದ್ದರು, ತೊಟ್ಟಿಲಿಗೆ ಹೂವು ಸುತ್ತಿತ್ತು, ಹಾಡೂ ಶುರುವಾಗಿತ್ತು. ಅತ್ತಿಗೆ ಮಾತ್ರ ಗೋಡೆ ಕಡೆ ಮುಖ ಮಾಡಿ ಮಲಗಿದವರು ಏಳಲಿಲ್ಲ. ಕೂಸನ್ನು ಪಕ್ಕದಲ್ಲಿ ತಂದು ಮಲಗಿಸಿದರೆ ಕಣ್ಣೆತ್ತಿ ನೋಡಲಿಲ್ಲ. ಎದೆಹಾಲು ಸೋರಿ ಸೆರಗು ತೊಯ್ದಿತ್ತು, ಕೂಸು ಕಿರುಚುತ್ತಿತ್ತು. ಅದು ಯಾರದೋ ಮನೆಯ ಮಗು ಎಂಬಂತೆ ಅವರು ಮಲಗಿಯೇ ಇದ್ದರು.

"ಕರುಳಿಲ್ಲದವಳು" ಎಂದು ಯಾರೋ ಅಂದರು. ಯಾರೋ ಏನು, ನಾನೇ ಅಂದೆ. ಆಗ ನನಗೆ ಇಪ್ಪತ್ತೆಂಟು ವರ್ಷ. ಬಿ.ಎಡ್. ಮುಗಿಸಿ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದೆ. ಲೋಕವೆಲ್ಲ ತಿಳಿದಿದೆಯೆಂಬ ಜಂಬ. ಅಮ್ಮ ಮಾತಾಡದೆ ಕೂಸನ್ನು ಎತ್ತಿಕೊಂಡು ಅಡುಗೆಮನೆಗೆ ಹೋದರು. ಆಮೇಲೆ ನಾಲ್ಕೈದು ತಿಂಗಳು ಅದನ್ನು ಸಾಕಿದ್ದು ಅಮ್ಮ ಮತ್ತು ನಾನು.

ಆ ಕೂಸು ಈಗ ಬೆಂಗಳೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಾಳೆ. ಹೋದ ಬೇಸಿಗೆಯ ರಜೆಯಲ್ಲಿ ಬಂದವಳು, ಹಪ್ಪಳ ಒಣಗಿಸುತ್ತಿದ್ದ ನನ್ನ ಪಕ್ಕ ಕೂತು, "ಅತ್ತೆ, ನೀವು ಹಿಸ್ಟರಿ ಟೀಚರ್ ಅಲ್ವಾ, ಒಂದು ಹಿಸ್ಟರಿ ಹೇಳ್ತೀನಿ ಕೇಳಿ" ಎಂದಳು. ವಿಜ್ಞಾನವೆಂದರೆ ನನಗೆ ಎಸ್.ಎಸ್.ಎಲ್.ಸಿ.ಗೇ ಮುಗಿದ ಸಂಗತಿ. ಆದರೂ ಕೇಳುತ್ತ ಕೇಳುತ್ತ ಹಪ್ಪಳ ಮಗುಚುವುದು ಮರೆತೆ. ನನಗೆ ತಿಳಿದ ಮಟ್ಟಿಗೆ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸೆರೊಟೊನಿನ್ ಎಂಬ ರಾಸಾಯನಿಕವೊಂದಿದೆ. ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವವುಗಳಲ್ಲಿ ಇದೂ ಒಂದು. ನಿದ್ದೆ, ಹಸಿವು, ಭಯ, ಉಸಿರಾಟ, ಮೈಬಿಸಿ ಎಲ್ಲದರಲ್ಲೂ ಇದರ ಕೈಯಿದೆ. ಇದು ಮೊದಲು ಸಿಕ್ಕಿದ್ದು ಎಲ್ಲಿ ಗೊತ್ತೆ? ಕರುಳಿನಲ್ಲಿ! 1930ರ ದಶಕದಲ್ಲಿ ಇಟಲಿಯ ವಿಟ್ಟೋರಿಯೊ ಎರ್ಸ್‌ಪಾಮರ್ ಪ್ರಾಣಿಗಳ ಕರುಳಿನಿಂದ ಒಂದು ವಸ್ತುವನ್ನು ತೆಗೆದು ಎಂಟರಮೀನ್ ಎಂದು ಹೆಸರಿಟ್ಟರು. ನಮ್ಮ ಮೈಯ ಸೆರೊಟೊನಿನ್ನಿನಲ್ಲಿ ನೂರಕ್ಕೆ ತೊಂಬತ್ತರಷ್ಟು ಇರುವುದು ಅಲ್ಲೇ ಅಂತೆ. ಅಂದು ನಾನಾಡಿದ ಮಾತು ನೆನಪಾಗಿ ಕಿವಿ ಬಿಸಿಯಾಯಿತು.

ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಅದೇ ವಸ್ತುವನ್ನು ಇನ್ನೊಂದು ದಾರಿಯಿಂದ ಹುಡುಕುತ್ತಿದ್ದರು. ಹೆಪ್ಪುಗಟ್ಟಿದ ರಕ್ತದಿಂದ ಬೇರೆಯಾಗುವ ತಿಳಿಯಲ್ಲಿ ರಕ್ತನಾಳವನ್ನು ಬಿಗಿಯುವ ಏನೋ ಇದೆ, ಅದೇನು ಎಂಬುದು ಅವರ ಪ್ರಶ್ನೆ. ಕಸಾಯಿಖಾನೆಯ ದನದ ರಕ್ತ ತರಿಸಿ, ಸೋಸಿ, 1948ರಲ್ಲಿ ಅದನ್ನು ಹರಳಿನ ರೂಪದಲ್ಲಿ ತೆಗೆದವರು ಮಾರಿಸ್ ರ್‍ಯಾಪೋರ್ಟ್, ಆರ್ಡಾ ಗ್ರೀನ್ ಮತ್ತು ಅರ್ವಿನ್ ಪೇಜ್. ಇವರಲ್ಲಿ ಆರ್ಡಾ ಗ್ರೀನ್ ಹೆಂಗಸು. ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲಿ ಕೆಲಸ ಮಾಡಿದ ಈಕೆ 1958ರಲ್ಲಿ ತೀರಿಕೊಂಡರು. ರಸಾಯನಶಾಸ್ತ್ರದ ಹೆಂಗಸರಿಗೆ ಕೊಡುವ ಗಾರ್ವನ್ ಪದಕ ಅವರಿಗೆ ಬಂದದ್ದೂ ಅದೇ ವರ್ಷ.

ನನಗೆ ಹೆಚ್ಚು ಇಷ್ಟವಾದವರು ಬೆಟ್ಟಿ ಟ್ವಾರೋಗ್. ಹಾರ್ವರ್ಡಿನಲ್ಲಿ ಓದುತ್ತಿದ್ದ ಈ ಹುಡುಗಿ ಸಮುದ್ರದ ಚಿಪ್ಪುಜೀವಿಯ ಸ್ನಾಯು ಹೇಗೆ ಸಡಿಲವಾಗುತ್ತದೆ ಎಂದು ನೋಡುತ್ತಿದ್ದರು. ಅದನ್ನು ಸಡಿಲಿಸುವುದು ಸೆರೊಟೊನಿನ್ ಎಂದು ಕಂಡುಕೊಂಡರು. ಚಿಪ್ಪಿನ ಹುಳುವಿನಲ್ಲಿ ನರದ ಸುದ್ದಿ ಒಯ್ಯುವ ವಸ್ತು ನಮ್ಮಂಥವರ ಮಿದುಳಿನಲ್ಲೂ ಯಾಕಿರಬಾರದು ಎಂಬ ಯೋಚನೆ ಬಂತು. ಅಷ್ಟರಲ್ಲಿ, 1952ರಲ್ಲಿ, ಸಂಸಾರದ ಕಾರಣಕ್ಕೆ ಊರು ಬಿಟ್ಟು ಒಹಾಯೊ ಕಡೆಗೆ ಹೋಗಬೇಕಾಯಿತು. ಈ ಸಾಲು ಕೇಳಿದಾಗ, ವರ್ಗವಾದ ಗಂಡನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಹೊರಟ ನನ್ನ ಎಷ್ಟೋ ಜನ ಗೆಳತಿಯರು ಕಣ್ಮುಂದೆ ಬಂದರು. ಬೆಟ್ಟಿ ಸುಮ್ಮನೆ ಕೂರಲಿಲ್ಲ. ಹತ್ತಿರದ ಕ್ಲೀವ್‌ಲ್ಯಾಂಡಿಗೆ ಹೋಗಿ ಅರ್ವಿನ್ ಪೇಜ್ ಅವರನ್ನೇ ಕಂಡು, ಮಿದುಳಿನಲ್ಲಿ ಹುಡುಕುತ್ತೇನೆ, ಜಾಗ ಕೊಡಿ ಎಂದು ಕೇಳಿದರು. ಪೇಜ್ ಅವರಿಗೆ ನಂಬಿಕೆಯಿರಲಿಲ್ಲ. ಆದರೂ ಜಾಗ ಕೊಟ್ಟರು, ಅದು ದೊಡ್ಡತನವೇ. 1953ರಲ್ಲಿ ಇಬ್ಬರ ಹೆಸರಿನಲ್ಲೂ ಪ್ರಕಟವಾಯಿತು, ಮಿದುಳಿನಲ್ಲಿ ಸೆರೊಟೊನಿನ್ ಇದೆ ಎಂದು. ಚಿಪ್ಪುಜೀವಿಯ ಬಗ್ಗೆ ಬೆಟ್ಟಿ ಒಬ್ಬರೇ ಬರೆದ ಲೇಖನ ಅದಕ್ಕಿಂತ ಮೊದಲಿನ ಕೆಲಸದ್ದು. ಅದು ಅಚ್ಚಾದದ್ದು ಮಾತ್ರ 1954ರಲ್ಲಿ.

ಇದೆ ಎಂದಾಯಿತು, ಆದರೆ ಮಿದುಳಿನಲ್ಲಿ ಎಲ್ಲಿ? ಇದಕ್ಕೆ ಉತ್ತರ ಸಿಕ್ಕಿದ್ದು ಸ್ವೀಡನ್ನಿನಲ್ಲಿ. ಒಣಗಿಸಿದ ಮಿದುಳಿನ ತೆಳು ಹೋಳನ್ನು ಫಾರ್ಮಾಲ್ಡಿಹೈಡಿನ ಆವಿಯಲ್ಲಿಟ್ಟು ವಿಶೇಷ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಲವು ನರಕೋಶಗಳು ಹಸಿರಾಗಿ ಬೆಳಗುತ್ತವೆ, ಸೆರೊಟೊನಿನ್ ಇರುವವು ಹಳದಿಯಾಗಿ. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಹಾವಿನ ಮರಿ ಇಟ್ಟ ಸೀಸೆಯಿಂದ ಮೂಗಿಗೆ ಹೊಡೆಯುತ್ತದಲ್ಲ, ಅದೇ ಫಾರ್ಮಲಿನ್ನಿನ ಆವಿ. ಹೀಗೆ ನೋಡಿ 1964ರಲ್ಲಿ ಅನಿಕಾ ಡಾಲ್‌ಸ್ಟ್ರೋಮ್ ಮತ್ತು ಶೆಲ್ ಫುಕ್ಸೆ ಎಂಬ ಇಬ್ಬರು ತರುಣ ಸಂಶೋಧಕರು ಇಲಿಯ ಮಿದುಳಿನ ನಕ್ಷೆ ಬರೆದರು. ಹಳದಿ ಕೋಶಗಳೆಲ್ಲ ಹೆಚ್ಚುಕಡಿಮೆ ಒಂದೇ ಕಡೆ, ಬೆನ್ನುಹುರಿ ಮೇಲೇರಿ ಮಿದುಳಿಗೆ ಸೇರುವ ಮಿದುಳು ಕಾಂಡದ ನಟ್ಟನಡುವೆ ಇದ್ದವು. ಆ ಜಾಗಕ್ಕೆ ರಫೆ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಹೊಲಿಗೆ. ಎಡ ಬಲ ಎರಡು ತುಂಡನ್ನು ಕೂಡಿಸಿ ಹೊಲಿದಂತೆ ಕಾಣುವ ಗೆರೆ ಅದು. ಸುಂಡಿಲಿಯ ಮಿದುಳಿನಲ್ಲಿರುವ ಸುಮಾರು ಏಳು ಕೋಟಿ ನರಕೋಶಗಳಲ್ಲಿ ಇಂಥವು ಬರೀ 26 ಸಾವಿರದಷ್ಟು. ಅಷ್ಟೇ ಕೋಶಗಳು ತಮ್ಮ ಎಳೆಗಳನ್ನು ಇಡೀ ಮಿದುಳಿಗೆ, ಬೆನ್ನುಹುರಿಗೆ ಚಾಚಿರುತ್ತವೆ. (ಡಾಲ್‌ಸ್ಟ್ರೋಮ್ ಮುಂದೆ ಗಂಡು ಹೆಣ್ಣಿನ ಮಿದುಳುಗಳೇ ಬೇರೆ ಎಂದು ವಾದಿಸುವ ಪುಸ್ತಕ ಬರೆದು ತಮ್ಮ ದೇಶದಲ್ಲಿ ದೊಡ್ಡ ಜಗಳಕ್ಕೆ ಕಾರಣರಾದರು. ನಕ್ಷೆಗೆ ನನ್ನ ನಮಸ್ಕಾರ, ಪುಸ್ತಕಕ್ಕೆ ಅಲ್ಲ.)

ಇನ್ನು ಈ 26 ಸಾವಿರ ಹುಟ್ಟುವುದು ಹೇಗೆ ಎಂಬುದು. ಸುಂಡಿಲಿ ಬಸುರಾಗಿರುವುದು ಇಪ್ಪತ್ತು ದಿನದಷ್ಟು. ಹತ್ತು, ಹನ್ನೊಂದನೆಯ ದಿನದ ಸುಮಾರಿಗೆ, ಮರಿ ಇನ್ನೂ ಹೆಸರುಕಾಳಿನಷ್ಟಿರುವಾಗ, ಈ ಕೋಶಗಳು ತಲೆದೋರತೊಡಗುತ್ತವೆ. ಎಲ್ಲಿ ಹುಟ್ಟಬೇಕೆಂದು ಗೊತ್ತುಮಾಡುವುದು ಎರಡು ಕಡೆಯಿಂದ ಬರುವ ಸೂಚನೆ. ಮಿದುಳಾಗಲಿರುವ ಕೊಳವೆಯ ತಳದಿಂದ ಒಂದು ಪ್ರೋಟೀನು ಬರುತ್ತದೆ, ಅದಕ್ಕೆ ಸಾನಿಕ್ ಹೆಜ್‌ಹಾಗ್ ಎಂಬ ತಮಾಷೆಯ ಹೆಸರು. ನಡುಮಿದುಳು ಹಿಮ್ಮಿದುಳು ಸೇರುವ ಗಡಿಯಿಂದ ಇನ್ನೊಂದು ಬರುತ್ತದೆ. ಎರಡೂ ಕೂಡುವ ಕಡೆ ಈ ಕೋಶಗಳು ಏಳುತ್ತವೆಂದು 1998ರಲ್ಲಿ ತೋರಿಸಿದರು.

ಹೊತ್ತೂ ಕೂಡಿಬರಬೇಕು. ಹಿಮ್ಮಿದುಳಿನ ಅದೇ ಮೂಲಕೋಶಗಳು ಮೊದಲು ಚಲನೆಯ ನರಕೋಶಗಳನ್ನು ಕೊಡುತ್ತಿರುತ್ತವೆ. ಆಮೇಲೆ ಒಂದು ಜೀನ್ ಸುಮ್ಮನಾಗುತ್ತದೆ, ಅವೇ ಮೂಲಕೋಶಗಳು ಸೆರೊಟೊನಿನ್ ಕೋಶಗಳನ್ನು ಕೊಡತೊಡಗುತ್ತವೆ. 2003ರಲ್ಲಿ ಇದು ತಿಳಿಯಿತು. ಮೇಷ್ಟರ ಭಾಷೆಯಲ್ಲಿ ಹೇಳುವುದಾದರೆ ಕೊಠಡಿ ಅದೇ, ಗಂಟೆ ಹೊಡೆದ ಮೇಲೆ ಪೀರಿಯಡ್ ಬೇರೆ. ಒಂದು ಪಟ್ಟಿಯಲ್ಲಿ ಮಾತ್ರ ಗಂಟೆ ಹೊಡೆಯುವುದೇ ಇಲ್ಲ. ಅಲ್ಲಿ ಮೊದಲ ಪಾಠವೇ ನಡೆಯುತ್ತಿರುತ್ತದೆ, ಸೆರೊಟೊನಿನ್ ಕೋಶ ಹುಟ್ಟುವುದಿಲ್ಲ.

ಹುಟ್ಟಿದ ಕೋಶಕ್ಕೆ ಸೆರೊಟೊನಿನ್ ತಯಾರಿಸಲು ಕಲಿಸುವ ಜೀನ್‌ಗಳು ಹಲವು. ಅವುಗಳಲ್ಲೊಂದು ಪೆಟ್-1. ಇದನ್ನು ಬೆನ್ನುಹತ್ತಿದ್ದು ಇವಾನ್ ಡೆನೆರಿಸ್ ಎಂಬವರ ತಂಡ, ಅದೂ ಕ್ಲೀವ್‌ಲ್ಯಾಂಡಿನಲ್ಲೇ. ಪೆಟ್-1 ಇಲ್ಲದ ಸುಂಡಿಲಿಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಕೋಶಗಳು ಸೆರೊಟೊನಿನ್ ಕೋಶಗಳಾಗುವುದೇ ಇಲ್ಲ ಎಂದು 2003ರಲ್ಲಿ ಕಂಡಿತು. ಆ ಸುಂಡಿಲಿಗಳು ಸಾಯುವುದಿಲ್ಲ, ನೋಡಲು ಚೆನ್ನಾಗಿಯೇ ಇರುತ್ತವೆ. ಅಂಜಿಕೆ, ಸಿಡುಕು ಮಾತ್ರ ಹೆಚ್ಚು.

"ಈಗ ಕೇಳಿ ಅತ್ತೆ" ಎಂದಳು ಹುಡುಗಿ. 2008ರಲ್ಲಿ ಅದೇ ತಂಡ ಈ ಹೆಣ್ಣು ಸುಂಡಿಲಿಗಳು ಮರಿ ಹಾಕಿದ ಮೇಲೆ ಏನಾಗುತ್ತದೆಂದು ನೋಡಿತು. ಬಸುರು, ಹೆರಿಗೆ ಎಲ್ಲ ಆಗುತ್ತಿತ್ತು. ಆದರೆ ತಾಯಿ ಸರಿಯಾಗಿ ಗೂಡು ಕಟ್ಟುತ್ತಿರಲಿಲ್ಲ. ಮರಿಗಳನ್ನು ಒಟ್ಟುಮಾಡಿ ಅಪ್ಪಿಕೊಂಡು ಮಲಗುತ್ತಿರಲಿಲ್ಲ. ಪಂಜರದ ತುಂಬ ಚೆಲ್ಲಾಪಿಲ್ಲಿ ಬಿದ್ದ ಮರಿಗಳು ಕೆಲವೇ ದಿನಗಳಲ್ಲಿ ಸಾಯುತ್ತಿದ್ದವು. ಮರಿಗಳಲ್ಲಿ ದೋಷವೇನೂ ಇರಲಿಲ್ಲ. ಬೇರೆ ತಾಯಿಯ ಮಗ್ಗುಲಲ್ಲಿ ಬಿಟ್ಟರೆ ಬದುಕುತ್ತಿದ್ದವು.

ನನಗೆ ಮಾತು ಹೊರಡಲಿಲ್ಲ. ಅವಳೇ ಎಚ್ಚರಿಸಿದಳು: ಅಮ್ಮನಿಗೆ ಆಗಿದ್ದು ಇದೇ ಅಂತ ತಿಳೀಬೇಡಿ, ಸುಂಡಿಲಿ ಸುಂಡಿಲಿಯೇ, ಮನುಷ್ಯರು ಮನುಷ್ಯರೇ. ಸೆರೊಟೊನಿನ್ ಕಡಿಮೆಯಾಯಿತು, ಆದ್ದರಿಂದ ಖಿನ್ನತೆ ಬಂತು ಎಂಬ ಸರಳ ಲೆಕ್ಕ ಈಗ ನಿಲ್ಲುವುದಿಲ್ಲವಂತೆ. ಬಾಣಂತಿಯ ಖಿನ್ನತೆಗೆ ಕಾರಣಗಳು ಹಲವು. ಅದು ಕಾಯಿಲೆ, ಚಿಕಿತ್ಸೆಯಿದೆ. 1996ರಲ್ಲೂ ಇತ್ತು. ನಾವು ಕರೆದುಕೊಂಡು ಹೋಗಲಿಲ್ಲ, ದೃಷ್ಟಿ ತೆಗೆಸಿದೆವು. ಐದು ತಿಂಗಳ ಮೇಲೆ ಅತ್ತಿಗೆ ತಾವೇ ಎದ್ದು ಬಂದು ನನ್ನ ತೊಡೆಯ ಮೇಲಿದ್ದ ಮಗುವಿಗೆ ಕೈಚಾಚಿದ್ದು ನೆನಪಿದೆ. ನಾನು ಒಂದು ಕ್ಷಣ ತಡೆದು ಕೊಟ್ಟಿದ್ದೂ ನೆನಪಿದೆ.

ಆ ಸಂಜೆ ಹುಡುಗಿ ತಾಯಿಗೂ ಸುಂಡಿಲಿಯ ಕತೆ ಹೇಳಿದಳು. ಅತ್ತಿಗೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಕೊನೆಯವರೆಗೂ ಕೇಳಿದರು. ಆಮೇಲೆ ಒಂದೇ ಮಾತು ಕೇಳಿದರು:

"ಬೇರೆಯವಳ ಹತ್ತಿರ ಬಿಟ್ಟ ಮರಿ ಎಲ್ಲ ಉಳಿದುವೇನೇ?"

"ಉಳಿದುವಮ್ಮ."

ಅತ್ತಿಗೆ ನನ್ನ ಕಡೆ ಒಮ್ಮೆ ನೋಡಿ, ಸುಲಿದ ಕಾಳಿನ ತಟ್ಟೆಯನ್ನು ನನ್ನ ಮುಂದಕ್ಕೆ ಸರಿಸಿದರು. ನಾನೂ ಸುಲಿಯಲು ಕೂತೆ.