ಹೊಸದುರ್ಗದ ತೀರ್ಪು: ಚಿತ್ರದುರ್ಗ ಸೀಮೆಯಲ್ಲಿ ಸಂಸದೀಯ ಪ್ರಜಾಪ್ರಭುತ್ವ

ಹೊಸದಾಗಿ ಸ್ವಾತಂತ್ರ್ಯ ಪಡೆದ ದೇಶಗಳಲ್ಲಿ ಸಂಸದೀಯ ಪ್ರಜಾಪ್ರಭುತ್ವ ಎಷ್ಟರಮಟ್ಟಿಗೆ ಬೇರೂರಿತೆಂಬುದನ್ನು ಸಂವಿಧಾನದ ವಿಧಿಗಳಿಂದಷ್ಟೇ ಅಳೆಯಲಾಗದು. ಅಧಿಕಾರದ ಹೊಸ್ತಿಲಲ್ಲಿದ್ದ ನಾಯಕನು ಸೋತಾಗ ಏನಾಗುತ್ತದೆ ಎಂಬುದೇ ಅದರ ಒರೆಗಲ್ಲು. 1962ರಲ್ಲಿ ಹೊಸದುರ್ಗ ಕ್ಷೇತ್ರವು ಅಂತಹ ಒರೆಗಲ್ಲಾಯಿತು.

ಈ ಸೀಮೆಗೆ ಪ್ರಾತಿನಿಧ್ಯದ ಕಲ್ಪನೆ ಬಂದದ್ದು ಅದಕ್ಕಿಂತ ಬಹಳ ಹಿಂದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ಮೊದಲ ಸಭೆಯ ಸದಸ್ಯರು 144 ಮಂದಿ. ಬಹುಪಾಲು ಭೂಹಿಡುವಳಿದಾರರು ಮತ್ತು ವರ್ತಕರು. ಸರ್ಕಾರದ ವರದಿಯನ್ನು ಕೇಳುವುದು, ಅಹವಾಲು ಸಲ್ಲಿಸುವುದು ಅವರ ಕೆಲಸ. ಶಾಸನ ಮಾಡುವ ಅಧಿಕಾರವಿರಲಿಲ್ಲ. ‘ಪ್ರಜೆ’ ಎಂಬ ಪದಕ್ಕೆ ಸಂತಾನವೆಂಬ ಅರ್ಥವೂ ಉಂಟು. ಅರಸ ತಂದೆ, ಪ್ರಜೆ ಮಗು ಎಂಬ ಭಾವವನ್ನು ಆ ಸಭೆ ಮೀರಿರಲಿಲ್ಲ. 1891ರಲ್ಲಿ ಚುನಾವಣೆಯೂ 1923ರಲ್ಲಿ ಮಹಿಳೆಯರಿಗೆ ಮತದ ಹಕ್ಕೂ ಬಂದವು. ಆದರೆ ಮತದಾರರಾಗಲು ಆಸ್ತಿ ಮುಂತಾದ ಅರ್ಹತೆಗಳು ಬೇಕಿದ್ದವು.

ಅಹವಾಲಿನಿಂದ ಹಕ್ಕಿನೆಡೆಗೆ ಸಾಗಿದ ದಾರಿ ಸಭಾಂಗಣದ ಹೊರಗೆ ರೂಪುಗೊಂಡಿತು. ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು ಸಮೀಪದ ತುರುವನೂರಿನ ಅರಣ್ಯ ಸತ್ಯಾಗ್ರಹದಲ್ಲಿ ಪಾಲ್ಗೊಂಡು ಸೆರೆಮನೆ ಸೇರಿದರು. 1947ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ನೇತೃತ್ವದಲ್ಲಿ ಜವಾಬ್ದಾರಿ ಸರ್ಕಾರ ರಚನೆಯಾಯಿತು. ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದ ನಿಜಲಿಂಗಪ್ಪನವರು 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಆಯ್ಕೆಯಾದರು; 1956ರ ನವೆಂಬರ್ 1ರಂದು ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು.

ಇಂಥವರನ್ನು 1962ರ ವಿಧಾನಸಭಾ ಚುನಾವಣೆಯಲ್ಲಿ ಹೊಸದುರ್ಗದ ಮತದಾರರು ಸೋಲಿಸಿದರು. ಗೆದ್ದವರು ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪ. ಕಾಂಗ್ರೆಸ್ಸಿಗೆ 208ರಲ್ಲಿ 138 ಸ್ಥಾನಗಳು ದೊರೆತಿದ್ದವು. ಪಕ್ಷ ಗೆದ್ದಿತು, ಅದರ ಹಿರಿಯ ನಾಯಕ ಸೋತರು. ಮಾರ್ಚಿಯಲ್ಲಿ ಎಸ್.ಆರ್. ಕಂಠಿಯವರು ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರು ಬಾಗಲಕೋಟೆಯ ಉಪಚುನಾವಣೆಯ ಮೂಲಕ ವಿಧಾನಸಭೆ ಪ್ರವೇಶಿಸಿದ ಬಳಿಕ, ಜೂನ್‌ನಲ್ಲಿ ಕಂಠಿಯವರು ಸ್ಥಾನ ತೆರವು ಮಾಡಿದರು.

ಇದನ್ನು ಕೇವಲ ಆದರ್ಶದ ಕಥೆಯಾಗಿ ಓದುವುದು ಸರಿಯಲ್ಲ. ಹೊಸದುರ್ಗ ಬೇಡವೆಂದವರನ್ನು ಪಕ್ಷವು ಮೂರೇ ತಿಂಗಳಲ್ಲಿ ಮತ್ತೊಂದು ದಾರಿಯಿಂದ ಕರೆತಂದಿತು. ಒಂದು ಕ್ಷೇತ್ರದ ತೀರ್ಪಿಗೂ ಬಹುಮತ ಪಡೆದ ಪಕ್ಷದ ಇಚ್ಛೆಗೂ ಇರುವ ಬಿರುಕು ಇಲ್ಲಿ ಎದ್ದು ಕಾಣುತ್ತದೆ. ಆದರೂ ಆ ದಾರಿ ಹಾದುಹೋದದ್ದು ಮತ್ತೊಂದು ಕ್ಷೇತ್ರದ ಮೂಲಕ, ಸದನದ ನಿಯಮಗಳ ಒಳಗೆ. ಅದೇ ಮಾರ್ಚ್ 2ರಂದು ಬರ್ಮಾದಲ್ಲಿ ಜನರಲ್ ನೆ ವಿನ್ ಚುನಾಯಿತ ಪ್ರಧಾನಿ ಊ ನು ಅವರನ್ನು ಪದಚ್ಯುತಗೊಳಿಸಿದ್ದನು; ಪಾಕಿಸ್ತಾನವು 1958ರಲ್ಲೇ ಸೇನಾಡಳಿತಕ್ಕೆ ಒಳಗಾಗಿತ್ತು. ಈ ನೆರೆಹೊರೆಯ ನಡುವೆ ಹೊಸದುರ್ಗದ ಫಲಿತಾಂಶವನ್ನು ಯಾರೂ ಅಳಿಸಲಿಲ್ಲ ಎಂಬುದು ಸಣ್ಣ ಸಂಗತಿಯಲ್ಲ. ರಂಗಪ್ಪನವರು ಶಾಸಕರಾಗಿಯೇ ಉಳಿದರು.

ಅನಂತರದ ದಶಕಗಳಲ್ಲಿ ಪ್ರಾತಿನಿಧ್ಯದ ವಲಯ ವಿಸ್ತರಿಸಿತು. ಹಿರಿಯೂರಿನ ಕೆ.ಎಚ್. ರಂಗನಾಥ್ ವಿಧಾನಸಭೆಯ ಅಧ್ಯಕ್ಷಪೀಠವನ್ನೇರಿದರು. 2008ರ ಚುನಾವಣೆಯಿಂದ ಹೊಳಲ್ಕೆರೆ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. 1881ರಲ್ಲಿ ಜಮೀನೂ ವ್ಯಾಪಾರವೂ ಇದ್ದವರಷ್ಟೇ ಕುಳಿತ ಸಭೆಯಿಂದ ಇಲ್ಲಿಯವರೆಗಿನ ದೂರ ದೊಡ್ಡದು. ಅಹವಾಲು ಹೇಳಿಕೊಳ್ಳುತ್ತಿದ್ದ ಪ್ರಜೆ ತೀರ್ಪು ನೀಡುವ ಮತದಾರನಾದದ್ದೇ ಆ ದೂರದ ಅಳತೆ. ಆ ತೀರ್ಪನ್ನು ಪಕ್ಷಗಳು ಎಷ್ಟು ಗೌರವಿಸುತ್ತವೆ ಎಂಬ ಹೊಸದುರ್ಗದ ಪ್ರಶ್ನೆ ಮಾತ್ರ ಇಂದಿಗೂ ಪೂರ್ಣವಾಗಿ ಇತ್ಯರ್ಥವಾಗಿಲ್ಲ.